ಮದರಾಸಿನ ಪೊಂಗಲೂ ನಮ್ಮ ಹುಗ್ಗಿಯೂ

ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ತುಪ್ಪ ಎಂಬ ಕೆಲವೇ ಸಾಮಗ್ರಿಗಳಿಂದ ಸಿದ್ಧವಾಗುವ ಒಂದು ಅನ್ನವು ಚೆನ್ನೈ ನಗರದ ಉಪಾಹಾರ ಗೃಹಗಳಲ್ಲಿ ವೆಣ್ ಪೊಂಗಲ್ ಎಂದೂ, ಅದೇ ನಗರದ ತಿರುವಲ್ಲಿಕ್ಕೇಣಿ, ಮೈಲಾಪುರ, ಮಾಂಬಲಗಳಲ್ಲಿ ತಲೆಮಾರುಗಳಿಂದ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಹುಗ್ಗಿಯೆಂದೂ, ಮಾಧ್ವ ಮಠಗಳ ಪಾಕಶಾಲೆಯಲ್ಲಿ ಮುದ್ಗಾನ್ನವೆಂದೂ ಕರೆಯಿಸಿಕೊಳ್ಳುತ್ತ ಬಂದಿದೆ. ಸಾಮಗ್ರಿ ಒಂದೇ, ಪಾಕಕ್ರಮವೂ ಬಹುಮಟ್ಟಿಗೆ ಒಂದೇ. ಆದರೆ ಮಠದಲ್ಲಿ ಅದು ಸೂರ್ಯೋದಯಕ್ಕೆ ಮುನ್ನ ನೈವೇದ್ಯವಾಗಿ ಒಡನೆಯೇ ವಿನಿಯೋಗವಾಗುತ್ತದೆ, ಮನೆಯಲ್ಲಿ ಒಬ್ಬೊಬ್ಬರೂ ಸ್ನಾನ ಮುಗಿಸಿ ಬರುವವರೆಗೆ ಒಲೆಯ ಬದಿಯಲ್ಲಿ ಕಾಯುತ್ತದೆ, ಹೋಟೆಲಿನಲ್ಲಿ ಆರು ಗಂಟೆಗೆ ಇಳಿದ ಕೊಪ್ಪರಿಗೆಯು ಹತ್ತು ಗಂಟೆಯ ಗಿರಾಕಿಯವರೆಗೂ ಮಾನ ಉಳಿಸಿಕೊಳ್ಳಬೇಕಾಗುತ್ತದೆ. ಈ ಅನ್ನದ ಯೋಗ್ಯತೆಯನ್ನು ನಿಶ್ಚಯಿಸುವುದು ಅದರಲ್ಲಿ ಬಿದ್ದ ಗೋಡಂಬಿಗಳ ಸಂಖ್ಯೆಯಲ್ಲ, ಒಲೆಯಿಂದ ಎಲೆಗೆ ಬರುವಷ್ಟರಲ್ಲಿ ಕಳೆದ ಕಾಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಅಕ್ಕಿಯನ್ನೂ ಬೇಳೆಯನ್ನೂ ಕೂಡಿಸಿ ಬೇಯಿಸುವ ಪದ್ಧತಿಯು ಭರತಖಂಡದಲ್ಲಿ ಯಾವ ಒಂದು ಪ್ರಾಂತಕ್ಕೂ ಸೇರಿದ್ದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ದೇಶವನ್ನು ಸುತ್ತಿದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು, ಇಲ್ಲಿಯ ಜನ ಹೆಸರನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪ ಹಾಕಿಕೊಂಡು ಪ್ರತಿದಿನ ಬೆಳಗ್ಗೆ ಉಣ್ಣುತ್ತಾರೆಂದು ಬರೆದಿಟ್ಟಿದ್ದಾನೆ. ಉತ್ತರದ ಖಿಚಡಿಯು ಆಂಗ್ಲರ ಕೈಗೆ ಸಿಕ್ಕಿ ಬೇಳೆಯನ್ನು ಕಳೆದುಕೊಂಡು, ಮೀನನ್ನೂ ಬೇಯಿಸಿದ ಮೊಟ್ಟೆಯನ್ನೂ ಸೇರಿಸಿಕೊಂಡು, ಕೆಡ್ಜರೀ ಎಂಬ ಹೆಸರಿನಿಂದ ಅವರ ಬೆಳಗಿನ ಮೇಜನ್ನೇರಿದ್ದೂ ಉಂಟು. ಚರಕಸಂಹಿತೆಯು ದ್ವಿದಳ ಧಾನ್ಯಗಳಲ್ಲೆಲ್ಲ ಮುದ್ಗವೇ ಶ್ರೇಷ್ಠವೆಂದು ಹೇಳಿದೆ. ಇಂದಿನ ಆಹಾರವಿಜ್ಞಾನವಾದರೋ ಅದೇ ಮಾತನ್ನು ಬೇರೊಂದು ದಾರಿಯಿಂದ ಹೇಳುತ್ತದೆ. ಹೆಸರುಬೇಳೆಯಲ್ಲಿ ನೂರಕ್ಕೆ ಸುಮಾರು 24 ಪಾಲು ಪ್ರೋಟೀನು ಇದ್ದರೆ ಬಿಳಿಯ ಅಕ್ಕಿಯಲ್ಲಿ 7 ಪಾಲಿನಷ್ಟು ಮಾತ್ರ ಇದೆ. ಅಕ್ಕಿಯ ಪ್ರೋಟೀನಿನಲ್ಲಿ ಕಡಮೆಯಾಗಿರುವ ಲೈಸಿನ್ ಎಂಬ ಅಂಶವು ಬೇಳೆಯಲ್ಲಿ ಧಾರಾಳವಾಗಿದ್ದು, ಬೇಳೆಯಲ್ಲಿ ಕೊರತೆಯಾಗಿರುವ ಮಿಥಿಯೋನಿನ್ ಎಂಬುದನ್ನು ಅಕ್ಕಿಯು ತುಂಬಿಕೊಡುತ್ತದೆ. ಶರೀರಶಾಸ್ತ್ರದ ಈ ಲೆಕ್ಕಾಚಾರವನ್ನು ಓದದೆಯೇ ನಮ್ಮ ಅಜ್ಜಿಯರು ಬಾಣಂತಿಗೂ ಜ್ವರ ಬಿಟ್ಟವನಿಗೂ ಎಳೆಯ ಮಗುವಿಗೂ ಅಕ್ಕಿ ಹೆಸರುಬೇಳೆಗಳ ಮೆತ್ತನೆಯ ಅನ್ನವನ್ನೇ ಮೊದಲು ಬಡಿಸುತ್ತಿದ್ದರು.

ಆದರೆ ದಕ್ಷಿಣದಲ್ಲಿ ಈ ಅನ್ನಕ್ಕೆ ದೊರೆತ ಗೌರವವು ಪಥ್ಯದ ಗೌರವವಲ್ಲ, ದೇವರ ಮುಂದಿನ ಗೌರವ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ಸೂರ್ಯನು ಧನುರಾಶಿಯಲ್ಲಿರುವ ಕಾಲವನ್ನು ನಾವು ಧನುರ್ಮಾಸವೆಂದೂ ತಮಿಳರು ಮಾರ್ಗಳಿಯೆಂದೂ ಕರೆಯುತ್ತೇವೆ. ಆ ಒಂದು ತಿಂಗಳು ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಬೆಳಗಿನ ನಾಲ್ಕು ಗಂಟೆಗೇ ದೀಪಗಳು ಹೊತ್ತಿಕೊಳ್ಳುತ್ತವೆ. ಹೊಸಲಿನ ಮುಂದೆ ದೊಡ್ಡ ದೊಡ್ಡ ರಂಗೋಲಿಗಳು ಬೀಳುತ್ತವೆ. ದೇವಾಲಯದಲ್ಲಿ ಆಂಡಾಳ್ ರಚಿಸಿದ ತಿರುಪ್ಪಾವೈಯ ಮೂವತ್ತು ಪಾಶುರಗಳು ದಿನಕ್ಕೊಂದರಂತೆ ನಡೆಯುತ್ತವೆ. ತಿಂಗಳ ಇಪ್ಪತ್ತೇಳನೆಯ ದಿನ, ಕೂಡಾರವಲ್ಲಿ ಎಂದು ಪ್ರಸಿದ್ಧವಾದಂದು, ಹಾಲಿನಲ್ಲಿ ಬೆಂದು ಬೆಲ್ಲವನ್ನೂ ತುಪ್ಪವನ್ನೂ ಕುಡಿದ ಅಕ್ಕಾರವಡಿಸಿಲ್ ನೈವೇದ್ಯವಾಗುತ್ತದೆ. ಉಳಿದ ದಿನಗಳಲ್ಲಿ ಮಡಪ್ಪಳ್ಳಿಯಿಂದ, ಅಂದರೆ ದೇವಾಲಯದ ಅಡುಗೆಮನೆಯಿಂದ, ಹೊರಬೀಳುವ ಖಾರದ ಪೊಂಗಲಿನ ಪರಿಮಳಕ್ಕೆ ಆಕರ್ಷಿತರಾಗಿ ಸಾಲುಗಟ್ಟುವ ಭಕ್ತರಲ್ಲಿ ಎಲ್ಲರೂ ಕೇವಲ ಭಕ್ತಿಯಿಂದಲೇ ಬಂದವರೆಂದು ಹೇಳುವುದು ಕಷ್ಟ.

ಅದೇ ತಿರುವಲ್ಲಿಕ್ಕೇಣಿಯಲ್ಲಿ ರಾಯರ ಮಠವೂ ಇದೆ, ರಾಯರನ್ನು ನಂಬಿದ ಕನ್ನಡ ಮನೆಗಳೂ ಇವೆ. ಆ ಮನೆಗಳಲ್ಲಿ ಧನುರ್ಮಾಸವೆಂದರೆ ಹುಗ್ಗಿಯ ತಿಂಗಳು. ನಕ್ಷತ್ರಗಳಿನ್ನೂ ಆಕಾಶದಲ್ಲಿರುವಾಗಲೇ ಮಡಿಯುಟ್ಟು, ಎಸರಿಟ್ಟು, ಪೂಜೆ ಮುಗಿಸಿ, ಹುಗ್ಗಿಯನ್ನೂ ಅದರ ನಿತ್ಯಸಂಗಾತಿಯಾದ ಹುಣಸೆಯ ಗೊಜ್ಜನ್ನೂ ದೇವರಿಗೆ ತೋರಿಸುವ ಸಂಪ್ರದಾಯವು, ಕಚೇರಿಗೆ ಎಂಟು ಗಂಟೆಯ ಲೋಕಲ್ ರೈಲನ್ನು ಹಿಡಿಯಬೇಕಾದ ಈ ಕಾಲದಲ್ಲಿಯೂ, ತಿಂಗಳು ಪೂರ್ತಿ ಅಲ್ಲದಿದ್ದರೆ ಕಡೆಗೆ ಒಂದು ದಿನವಾದರೂ ಉಳಿದುಕೊಂಡಿದೆ. ಪೊಂಗಲನ್ನು ಸಂಕ್ರಾಂತಿಯ ಹಬ್ಬದ ತಿನಿಸೆಂದು ಹೊರಗಿನವರು ಭಾವಿಸುವುದುಂಟು. ಹಬ್ಬದ ದಿನ ಹೊಸ ಮಡಕೆಯಲ್ಲಿ ಉಕ್ಕುವುದು ಬೆಲ್ಲದ ಸರ್ಕರೈ ಪೊಂಗಲ್. ಖಾರದ ಪೊಂಗಲಿಗೆ ಚೆನ್ನೈಯಲ್ಲಿ ಹಬ್ಬ ಬೇಕಿಲ್ಲ, ವಾರದ ಏಳು ದಿನಗಳೂ ಅದರವೇ.

ನೈವೇದ್ಯದ ಅನ್ನವು ವಾರದ ಏಳು ದಿನಗಳ ತಿಂಡಿಯಾಗಿ ಬೀದಿಗಿಳಿದ ಕಥೆಯಲ್ಲಿ ನಮ್ಮವರ ಕೈ ಸಣ್ಣದಲ್ಲ. 1956ರ ನವೆಂಬರ್ 1ರವರೆಗೆ ಉಡುಪಿಯೂ ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತೆಂಬುದನ್ನು ಇಂದಿನ ತರುಣರು ಮರೆತಿರಬಹುದು. ಉಡುಪಿಯ ಬಡಹುಡುಗನೊಬ್ಬನು ಕೆಲಸ ಹುಡುಕಿಕೊಂಡು ಮದರಾಸಿಗೆ ಹೋದನೆಂದರೆ ಪರದೇಶಕ್ಕೆ ಹೋದಂತಲ್ಲ, ತನ್ನದೇ ರಾಜಧಾನಿಗೆ ಹೋದಂತೆ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ದಾರಿ ಮತ್ತಷ್ಟು ಸುಗಮವಾಯಿತು. ಹಾಗೆ ಹೋದವರಲ್ಲಿ ಅಗ್ರಗಣ್ಯರಾದ ಕಡಂದಲೆಯ ಕೃಷ್ಣರಾಯರು ಮಠದ ಅಡುಗೆಮನೆಯಲ್ಲಿ ದುಡಿದು ಅನುಭವ ಪಡೆದವರು. ಮದರಾಸಿನ ಜಾರ್ಜ್ ಟೌನಿನಲ್ಲಿ ಸಣ್ಣ ಹೋಟೆಲಿನ ಕೆಲಸದಿಂದ ಆರಂಭಿಸಿ, ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿ, 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ಬಂಗಲೆಯೊಂದನ್ನು ಗೇಣಿಗೆ ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. 1952ರಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂದಿತು. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯ ತೋಟದ ನಡುವೆ, ಕಾರಿನಲ್ಲಿ ಕುಳಿತಲ್ಲಿಗೇ ತಿಂಡಿ ತಂದುಕೊಡುವ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಆರಂಭವಾಯಿತು. ಈ ಡ್ರೈವ್ ಇನ್ 2008ರಲ್ಲಿ ಮುಚ್ಚಿತು. ಅದರ ಜಾಗದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಎಂಬ ಸರಕಾರಿ ಉದ್ಯಾನವಿದೆ. ಕೆ. ಸೀತಾರಾಮರಾಯರ ದಾಸಪ್ರಕಾಶವು ಎಳುಂಬೂರಿನ ಪೂನಮಲ್ಲಿ ಹೈರೋಡಿನಲ್ಲಿ ಬಹುಕಾಲ ಅಷ್ಟೇ ಹೆಸರುವಾಸಿಯಾಗಿತ್ತು. ಕನ್ನಡ ಚಲನಚಿತ್ರಗಳು ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ದಶಕಗಳಲ್ಲಿ, ಮದರಾಸಿನಲ್ಲಿ ಬಿಡಾರ ಹೂಡಿದ ನಮ್ಮ ಕಲಾವಿದರಿಗೂ ತಂತ್ರಜ್ಞರಿಗೂ ಊರಿನ ಮಾತು ಕಿವಿಗೆ ಬೀಳುತ್ತಿದ್ದ ಸ್ಥಳಗಳಲ್ಲಿ ಈ ಉಡುಪಿ ಹೋಟೆಲುಗಳೂ ಸೇರಿದ್ದುವು.

ಪೊಂಗಲನ್ನು ಮದರಾಸಿಗೆ ಉಡುಪಿಯವರು ಕಲಿಸಿದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮೈಲಾಪುರದ ಯಾವ ಅಜ್ಜಿಯೂ ನನ್ನನ್ನು ಕ್ಷಮಿಸಲಾರಳು. ದೇವಾಲಯದ ಮಡಪ್ಪಳ್ಳಿಗೂ ಅಗ್ರಹಾರದ ಅಡುಗೆಮನೆಗೂ ಸೇರಿದ್ದ ಒಂದು ಅನ್ನವನ್ನು, ಅಪರಿಚಿತರಾದ ನೂರಾರು ಜನರಿಗೆ, ದಿನದಿನವೂ ಒಂದೇ ರುಚಿಯಲ್ಲಿ, ಅಗ್ಗದ ಬೆಲೆಗೆ ಬಡಿಸುವ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರೆಂಬುದು ಮಾತ್ರ ನಿರ್ವಿವಾದ. ಸಾವಿರಾರು ಜನರಿಗೆ ಅಡುಗೆ ಮಾಡುವುದು ಉಡುಪಿಯ ಅಷ್ಟಮಠಗಳ ಪಾಕಶಾಲೆಗೆ ನಿತ್ಯದ ಅಭ್ಯಾಸ. ಅಲ್ಲಿ ಪಳಗಿದ ಕೈಗೆ ಕೊಪ್ಪರಿಗೆ ಹೊಸದಲ್ಲ. ಹೊಸದಾಗಿ ಅವರು ಕಲಿಯಬೇಕಾಗಿ ಬಂದದ್ದು ಕಾಯುವ ವಿದ್ಯೆ. ಮಠದಲ್ಲಿ ಪಂಕ್ತಿ ಕುಳಿತ ಮೇಲೆ ಅನ್ನ ಬರುತ್ತದೆ, ಒಂದೇ ಹೊತ್ತಿಗೆ ಎಲ್ಲರಿಗೂ ಬಡಿಸಿ ಮುಗಿಯುತ್ತದೆ. ಹೋಟೆಲಿನಲ್ಲಿ ಗಿರಾಕಿಯು ಯಾವಾಗ ಬರುತ್ತಾನೋ ಯಾರಿಗೂ ಗೊತ್ತಿಲ್ಲ, ಬಂದಾಗ ಅನ್ನವು ಈಗ ತಾನೇ ಇಳಿಸಿದಂತಿರಬೇಕು.

ದೋಸೆಯನ್ನು ಗಿರಾಕಿ ಕೇಳಿದ ಮೇಲೆ ಹುಯ್ಯಬಹುದು, ಇಡ್ಲಿಯ ತಟ್ಟೆಗಳನ್ನು ಅರ್ಧ ಗಂಟೆಗೊಮ್ಮೆ ಏರಿಸಿ ಇಳಿಸಬಹುದು. ಪೊಂಗಲಿಗೆ ಆ ಸೌಕರ್ಯವಿಲ್ಲ. ಅಕ್ಕಿಯೊಳಗಿನ ಪಿಷ್ಟವು ಬೇಯುವಾಗ ನೀರುಂಡು ಹಿಗ್ಗಿ ಮೆತ್ತಗಾಗುತ್ತದೆ. ಬೇಯುವುದು ನಿಂತು ಶಾಖ ಇಳಿಯತೊಡಗಿದೊಡನೆ ಹಿಗ್ಗಿದ ಎಳೆಗಳು ಮತ್ತೆ ಒಂದನ್ನೊಂದು ಸೆಳೆದುಕೊಂಡು ಬಿಗಿಯಾಗುತ್ತವೆ, ಉಳಿದ ಸ್ವಲ್ಪ ನೀರನ್ನೂ ಬೇಳೆ ಹೀರಿಕೊಳ್ಳುತ್ತದೆ, ತುಪ್ಪವು ಹೆಪ್ಪುಗಟ್ಟಲಾರಂಭಿಸುತ್ತದೆ. ಒಲೆಯ ಮೇಲೆ ಸೌಟಿನಿಂದ ತಾನಾಗಿ ಜಾರುತ್ತಿದ್ದ ಪೊಂಗಲು ಮುಕ್ಕಾಲು ಗಂಟೆಯಲ್ಲಿ ಸೌಟಿಗೆ ಅಂಟಿಕೊಂಡು ಕೊಡವಿದರೂ ಬೀಳದ ಮುದ್ದೆಯಾಗುವುದಕ್ಕೆ ಅಡುಗೆಯವನ ಅಲಕ್ಷ್ಯವೇ ಕಾರಣವಾಗಬೇಕಿಲ್ಲ. ಅದು ಅಕ್ಕಿಯ ಸ್ವಭಾವ.

ಅನುಭವಿಗಳಾದ ಹೋಟೆಲಿನ ಭಟ್ಟರು ಈ ಸ್ವಭಾವದೊಡನೆ ಜಗಳವಾಡುವುದಿಲ್ಲ, ಅದಕ್ಕೆ ಮೊದಲೇ ಅವಕಾಶ ಕಲ್ಪಿಸಿಡುತ್ತಾರೆ. ಕೊಪ್ಪರಿಗೆಯನ್ನು ಇಳಿಸುವಾಗ ಅದು ಬಡಿಸಲು ತಕ್ಕ ಹದಕ್ಕಿಂತ ಸಡಿಲವಾಗಿಯೇ, ಹೆಚ್ಚುಕಡಮೆ ಗಂಜಿಯ ಹತ್ತಿರಕ್ಕೆ ಬರುವಷ್ಟು ತೆಳುವಾಗಿಯೇ ಇರುತ್ತದೆ. ಅದರಿಂದ ಸ್ವಲ್ಪ ಸ್ವಲ್ಪವನ್ನೇ ಚಿಕ್ಕ ಪಾತ್ರೆಗೆ ತೋಡಿ, ಆ ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಮುಚ್ಚಳ ಮುಚ್ಚಿ ಬಡಿಸುವ ಕಟ್ಟೆಯ ಮೇಲಿಡುತ್ತಾರೆ. ಅರ್ಧ ಗಂಟೆಗೊಮ್ಮೆ ಒಳಗಿನಿಂದ ಕೂಗು ಕೇಳಿಸುತ್ತದೆ:

"ಮಾಣೀ, ಪೊಂಗಲು ಗಟ್ಟಿ ಆಯ್ತನಾ?"

"ಹೌದು ಭಟ್ರೇ, ಬಿಸಿನೀರು ತರ್ಲಾ?"

"ತಾ. ತಣ್ಣೀರು ಮುಟ್ಟಿಸ್ಬೇಡ."

ಕುದಿನೀರೊಂದು ಚೊಂಬು, ಬಿಸಿತುಪ್ಪವೊಂದು ಸೌಟು, ತಳದಿಂದ ಮೇಲಕ್ಕೆ ನಾಲ್ಕು ಬಾರಿ ಕೈಯಾಡಿಸಿದರೆ ಅನ್ನವು ಮತ್ತೆ ಜಾರತೊಡಗುತ್ತದೆ. ತಣ್ಣೀರು ಬಿದ್ದರೆ ಮೇಲ್ಮೈ ಮಾತ್ರ ನೀರಾಗಿ ಒಳಗಿನ ಮುದ್ದೆ ಮುದ್ದೆಯಾಗಿಯೇ ಉಳಿಯುತ್ತದೆ. ಕೆಲವು ಕಡೆ ಪೊಂಗಲಿನ ಮೇಲೆ ತೇಲುವ ತುಪ್ಪವನ್ನು ಕಂಡು ಹೋಟೆಲಿನವನು ಉದಾರಿಯೆಂದು ಗಿರಾಕಿಗಳು ಕೊಂಡಾಡುತ್ತಾರೆ. ಅದರಲ್ಲಿ ಔದಾರ್ಯದ ಪಾಲಿಗಿಂತ ವ್ಯವಹಾರಜ್ಞಾನದ ಪಾಲು ಹೆಚ್ಚು: ಅಗುಳಿಗೆ ಕವಿದ ಜಿಡ್ಡು ಅಗುಳುಗಳನ್ನು ಒಂದಕ್ಕೊಂದು ಅಂಟಗೊಡದೆ ಗಳಿಗೆಗಳನ್ನು ಗೆಲ್ಲಿಸಿಕೊಡುತ್ತದೆ.

ಇನ್ನು ಮನೆಯ ಅಡುಗೆ. ಮೊದಲನೆಯದಾಗಿ ಅಕ್ಕಿ. ಚೆನ್ನೈಯ ಬಹುತೇಕ ಮನೆಗಳಲ್ಲಿ ಅಕ್ಕಿಯ ಡಬ್ಬಗಳು ಎರಡು: ಊಟಕ್ಕೂ ಇಡ್ಲಿಗೂ ಪುಳುಂಗಲರಿಸಿ, ಎಂದರೆ ನಮ್ಮ ಕುಚ್ಚಲಕ್ಕಿ, ಪೊಂಗಲು, ಪಾಯಸ, ನೈವೇದ್ಯಗಳಿಗೆ ಪಚ್ಚರಿಸಿ, ಎಂದರೆ ನಮ್ಮ ಬೆಳ್ತಿಗೆ ಅಕ್ಕಿ. ನೆಲ್ಲನ್ನು ಹೊಟ್ಟಿನೊಡನೆಯೇ ಒಮ್ಮೆ ಬೇಯಿಸಿ ಒಣಗಿಸಿ ಮಾಡಿದ ಕುಚ್ಚಲಕ್ಕಿಯ ಕಾಳು ಮೊದಲೇ ಗಟ್ಟಿಕಟ್ಟಿರುವುದರಿಂದ ಎಷ್ಟು ಬೇಯಿಸಿದರೂ ತನ್ನ ಆಕಾರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪೊಂಗಲಿಗಾದರೋ ಆಕಾರವನ್ನು ಬಿಟ್ಟುಕೊಡುವ ಅಕ್ಕಿಯೇ ಬೇಕು. ಹೊಸ ಅಕ್ಕಿಯು ಬೇಗ ಕರಗಿ ಕಡಮೆ ನೀರನ್ನು ಬೇಡುತ್ತದೆ, ವರ್ಷ ದಾಟಿದ ಅಕ್ಕಿಯು ಹೆಚ್ಚು ನೀರನ್ನು ಕುಡಿಯುತ್ತದೆ. ಆದಕಾರಣ ಯಾವ ಪುಸ್ತಕದ ಅಳತೆಯನ್ನೂ ವೇದವಾಕ್ಯವೆಂದು ತಿಳಿಯಬಾರದು. ನಾನು ಕೊಡುವ ಅಳತೆಯೂ ಹಾಗೆಯೇ: ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಹೆಸರುಬೇಳೆ, ಕುಕ್ಕರಿನಲ್ಲಾದರೆ ಐದು ಲೋಟ ನೀರು, ತೆರೆದ ಪಾತ್ರೆಯಲ್ಲಾದರೆ ಆರು. ತಮಿಳರ ಕೆಲವು ಮನೆಗಳಲ್ಲಿ ಬೇಳೆ ಅಕ್ಕಿಯ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಕನ್ನಡ ಮನೆಗಳ ಹುಗ್ಗಿಯಲ್ಲಿ ಅರ್ಧದಿಂದ ಸಮಪಾಲಿನವರೆಗೂ ಏರುವುದುಂಟು. ಬೇಳೆ ಏರಿದಷ್ಟೂ ಹುಗ್ಗಿಯು ಹಳದಿಗೆ ತಿರುಗಿ ಮೃದುವಾಗುತ್ತದೆ, ತಣಿದ ಮೇಲೆ ಬಿಗಿಯುವುದೂ ಸ್ವಲ್ಪ ಕಡಮೆ; ನನ್ನ ಒಲವು ಆ ಕಡೆಗೆ.

ಬೇಳೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಘಮ್ಮೆನ್ನುವವರೆಗೆ ಹುರಿಯಬೇಕು. ಬಣ್ಣ ಕೆಂಪಗಾಗುವವರೆಗೆ ಹುರಿದರೆ ಬೇಳೆಯ ಹಸಿವಾಸನೆಯೊಡನೆ ಅದರ ಮಾಧುರ್ಯವೂ ಹೋಗುತ್ತದೆ. ಹುರಿಯದೆ ಹಾಕಿದರೆ ಅನ್ನ ಲೋಳೆಯಾಗುತ್ತದೆ, ಕುಕ್ಕರಿನ ಬಾಯಿಯಿಂದ ನೊರೆಯೂ ಉಕ್ಕುತ್ತದೆ.

ನೀರಿನ ವಿಷಯವನ್ನು ಪಾಕಪುಸ್ತಕಗಳು ಸಾಮಾನ್ಯವಾಗಿ ಅಳತೆಯೊಡನೆ ಮುಗಿಸಿಬಿಡುತ್ತವೆ. ಚೆನ್ನೈಯಲ್ಲಿ ಅಡುಗೆ ಮಾಡಿದವರು ಮಾತ್ರ ಹಾಗೆ ಮುಗಿಸಲಾರರು. ಪುೞಲ್, ಪೂಂಡಿ, ಚೋಳವರಂ, ಚೆಂಬರಂಬಾಕ್ಕಂ ಕೆರೆಗಳನ್ನೂ, 1996ರಿಂದ ಆಂಧ್ರದ ಕಾಲುವೆಯ ಮೂಲಕ ಬರುವ ಕೃಷ್ಣೆಯ ನೀರನ್ನೂ ನಂಬಿಕೊಂಡ ಈ ನಗರದಲ್ಲಿ, ಮಳೆ ಕೈಕೊಟ್ಟ ವರ್ಷ ಕೊಳಾಯಿ ಬತ್ತಿ ಮನೆಮನೆಯೂ ಬೋರಿನ ನೀರಿಗೆ ಶರಣಾಗುತ್ತದೆ. 2019ರ ಬೇಸಗೆಯಲ್ಲಿ ಈ ನಾಲ್ಕು ಕೆರೆಗಳೂ ಬರಿದಾದದ್ದನ್ನು ಇಡೀ ಜಗತ್ತು ನೋಡಿತು. ಬೋರಿನ ನೀರು ಗಡಸು. ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇಳೆಯ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಪೆಕ್ಟಿನ್ ಎಂಬ ವಸ್ತುವನ್ನು ಇನ್ನಷ್ಟು ಬಿಗಿಮಾಡುವುದರಿಂದ ಬೇಳೆಯು ಕುದಿಯುತ್ತಲೇ ಇರುತ್ತದೆ, ಬೇಯುವುದಿಲ್ಲ. ತೊಗರಿಬೇಳೆಯಲ್ಲಿ ಈ ತೊಂದರೆ ಎದ್ದುಕಾಣುತ್ತದೆ. ಹೆಸರುಬೇಳೆಯು ಸ್ವಭಾವತಃ ಸೌಮ್ಯವಾದುದರಿಂದ ಹೆಚ್ಚು ಕಾಡುವುದಿಲ್ಲವಾದರೂ, ಪೊಂಗಲಿನಲ್ಲಿ ಬೇಳೆ ಕಾಳುಕಾಳಾಗಿ ಉಳಿದರೆ ನೀರನ್ನೇ ಮೊದಲು ಸಂಶಯಿಸಬೇಕು. ಸ್ನಾನಕ್ಕೆ ಬೋರ್ ನೀರು, ಪಾತ್ರೆಗೆ ಲಾರಿ ನೀರು, ಬೇಳೆಗೆ ಮೆಟ್ರೋ (ಎಂದರೆ ನಗರದ ಕೊಳಾಯಿಯ) ನೀರು ಅಥವಾ ಕ್ಯಾನ್ ನೀರು ಎಂಬ ವಿಭಾಗಕ್ರಮವನ್ನು ಈ ನಗರದ ಗೃಹಿಣಿಯರು ಯಾವ ರಸಾಯನಶಾಸ್ತ್ರವನ್ನೂ ಓದದೆ ರೂಢಿಸಿಕೊಂಡಿದ್ದಾರೆ.

ಪಾತ್ರೆಯಲ್ಲಿ ಶ್ರೇಷ್ಠವಾದುದು ವೆಂಗಲಪ್ಪಾನೈ, ಎಂದರೆ ಕಂಚಿನ ಪಾತ್ರೆ. ದಪ್ಪ ತಳದ ಈ ಪಾತ್ರೆಯು ಶಾಖವನ್ನು ಹಿಡಿದಿಟ್ಟು ಸಮನಾಗಿ ಹಂಚುತ್ತದೆ, ಇಳಿಸಿದ ಮೇಲೂ ಬಹಳ ಹೊತ್ತು ಅನ್ನವನ್ನು ಬಿಸಿಯಾಗಿಡುತ್ತದೆ. ಅದನ್ನು ಎತ್ತುವ ಶಕ್ತಿಯೂ ಉಜ್ಜುವ ತಾಳ್ಮೆಯೂ ಇಲ್ಲದವರಿಗೆ ಕುಕ್ಕರು ಸಾಕು. ಕುಕ್ಕರಿನೊಳಗೆ ಒತ್ತಡದಿಂದಾಗಿ ನೀರು 120 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಐದು ಕೂಗಿಗೆ ಅಕ್ಕಿ ಬೇಳೆಗಳೆರಡೂ ಸೋಲೊಪ್ಪುತ್ತವೆ. ಕೂಗು ಮುಗಿದೊಡನೆ ಆವಿಯನ್ನು ಬಲವಂತವಾಗಿ ಬಿಡಿಸದೆ ತಾನಾಗಿ ಇಳಿಯಗೊಟ್ಟು, ಮುಚ್ಚಳ ತೆಗೆದು, ಉಪ್ಪು ಹಾಕಿ, ಬಿಸಿಯಿರುವಾಗಲೇ ಸೌಟಿನ ಹಿಂಬದಿಯಿಂದ ಮೆಲ್ಲನೆ ಮಸೆಯಬೇಕು. ಅಗುಳು ಕಣ್ಣಿಗೆ ಕಾಣಬೇಕು, ನಾಲಗೆಗೆ ತಿಳಿಯಬಾರದು, ಹದವೆಂದರೆ ಅದು.

ಒಗ್ಗರಣೆಗೆ ಕಾಲು ಲೋಟ ತುಪ್ಪ. ಕಡಮೆ ಮಾಡುವುದಾದರೆ ಪೊಂಗಲನ್ನು ಮಾಡದೆ ಇನ್ನೇನನ್ನಾದರೂ ಮಾಡುವುದು ಮೇಲು. ತುಪ್ಪ ಕಾದ ಮೇಲೆ ಮೊದಲು ಗೋಡಂಬಿಯನ್ನು ಹೊಂಬಣ್ಣಕ್ಕೆ ಹುರಿದು ತೆಗೆದಿಟ್ಟುಕೊಂಡು, ಅದೇ ತುಪ್ಪಕ್ಕೆ ಒಂದೂವರೆ ಚಮಚ ಮೆಣಸು, ಅಷ್ಟೇ ಜೀರಿಗೆ, ಒಂದು ಅಂಗುಲ ಶುಂಠಿಯ ಸಣ್ಣ ಚೂರುಗಳು, ಒಂದು ಚಿಟಿಕೆ ಇಂಗು, ಕರಿಬೇವು ಇವನ್ನು ಕ್ರಮವಾಗಿ ಹಾಕಬೇಕು. ಕ್ರಮ ತಪ್ಪಬಾರದು ಎನ್ನುವುದಕ್ಕೆ ಕಾರಣವಿದೆ: ಮೆಣಸಿಗೆ ಅರಳಲು ಕಾಲ ಬೇಕು, ಜೀರಿಗೆಗೆ ಅರ್ಧ ನಿಮಿಷವೂ ಹೆಚ್ಚು, ಇಂಗು ಕ್ಷಣದಲ್ಲಿ ಸೀದುಹೋಗುತ್ತದೆ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ನೀರಿನಲ್ಲಿ ಕರಗುವುದು ತೀರ ಅಲ್ಪ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಅಂತೆಯೇ ಕಾದ ತುಪ್ಪಕ್ಕೆ ಬಿದ್ದ ಮೆಣಸು ತನ್ನ ಖಾರವನ್ನು ಇಡೀ ಅನ್ನಕ್ಕೆ ಹಂಚುತ್ತದೆ.

ಮೆಣಸನ್ನು ಇಡಿಯಾಗಿ ಹಾಕಬೇಕೋ ಕುಟ್ಟಿ ಹಾಕಬೇಕೋ ಎಂಬ ವಿಷಯದಲ್ಲಿ ಚೆನ್ನೈ ನಗರವೇ ಎರಡು ಪಕ್ಷವಾಗಿದೆ. ಇಡೀ ಮೆಣಸಿನ ಪಕ್ಷದವರು ಸಂಪ್ರದಾಯವನ್ನು ಮುಂದಿಡುತ್ತಾರೆ. ಆದರೆ ಅವರ ಎಲೆಯನ್ನು ನೋಡಿದರೆ ಹೆಕ್ಕಿ ತೆಗೆದ ಮೆಣಸಿನ ಕಾಳುಗಳು ಅಂಚಿನಲ್ಲಿ ಸಾಲಾಗಿ ಕುಳಿತಿರುತ್ತವೆ. ಅರ್ಧವನ್ನು ಇಡಿಯಾಗಿ, ಅರ್ಧವನ್ನು ತರಿತರಿಯಾಗಿ ಕುಟ್ಟಿ ಹಾಕುವುದು ನನಗೆ ನ್ಯಾಯವೆನಿಸುತ್ತದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ತರುವವರೆಗೆ ನಮ್ಮ ಅಡುಗೆಯ ಖಾರದ ಭಾರವನ್ನು ಬಹುಮಟ್ಟಿಗೆ ಹೊತ್ತಿದ್ದುದು ಪಶ್ಚಿಮಘಟ್ಟದ ಈ ಕರಿಯ ಕಾಳೇ. ಹೊಸಬನಾದ ಮೆಣಸಿನಕಾಯಿಗೆ ಅನೇಕ ದೇವಾಲಯಗಳ ಮಡಪ್ಪಳ್ಳಿಗೆ ಇಂದಿಗೂ ಪ್ರವೇಶವಿಲ್ಲ. ವಿನೋದವೆಂದರೆ, ಅದೇ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೋಡಂಬಿಗೆ ಮಾತ್ರ ಯಾರೂ ಅಡ್ಡಿ ಹೇಳಲಿಲ್ಲ.

ನೆಂಚಿಕೊಳ್ಳುವ ವಿಷಯಕ್ಕೆ ಬಂದಾಗ ಕನ್ನಡ ಮನೆಯೂ ಚೆನ್ನೈಯ ಹೋಟೆಲೂ ಬೇರೆಬೇರೆ ದಾರಿ ಹಿಡಿಯುತ್ತವೆ. ಮನೆಯ ಹುಗ್ಗಿಗೆ ಹುಣಸೆಹಣ್ಣು, ಬೆಲ್ಲ, ಹುರಿದ ಎಳ್ಳು, ಕೊಬ್ಬರಿ, ಮೆಣಸಿನಕಾಯಿಗಳನ್ನು ಕೂಡಿಸಿದ ಗೊಜ್ಜು. ತಮಿಳರಲ್ಲಿ ಬದನೆಕಾಯಿಯ ಗೊತ್ಸು, ಅದರಲ್ಲಿಯೂ ಚಿದಂಬರದ ಗೊತ್ಸು ಪ್ರಸಿದ್ಧ. ಹೋಟೆಲಿನಲ್ಲಿ ಸಾಂಬಾರು, ತೆಂಗಿನಕಾಯಿ ಚಟ್ನಿ, ಒಂದು ಉದ್ದಿನ ವಡೆ. ತುಪ್ಪದಿಂದ ಭಾರವಾದ, ಹುಳಿಯೂ ಸಿಹಿಯೂ ಇಲ್ಲದ ಅನ್ನಕ್ಕೆ ಹುಳಿಯ ಜೊತೆಯೇ ಸಲ್ಲುತ್ತದೆ; ಈ ದೃಷ್ಟಿಯಿಂದ ಗೊಜ್ಜು ಗೊತ್ಸುಗಳು ಸಾಂಬಾರಿಗಿಂತ ಮೇಲೆಂದು ನನ್ನ ತೀರ್ಮಾನ. ಬೇಳೆಯ ಅನ್ನಕ್ಕೆ ಮತ್ತೆ ಬೇಳೆಯ ಸಾಂಬಾರನ್ನು ಸುರಿದು ಅದರ ಮೇಲೆ ಬೇಳೆಯದೇ ವಡೆಯನ್ನು ಇಡುವುದು ರುಚಿಯೇನೋ ಹೌದು, ಆದರೆ ಪೊಂಗಲು ತಿಂದವನು ಕಚೇರಿಯಲ್ಲಿ ಕಣ್ಣು ತೆರೆದಿರಲಾರನೆಂದು ಚೆನ್ನೈಯವರು ತಮ್ಮ ತಿಂಡಿಯನ್ನು ತಾವೇ ಹಾಸ್ಯಮಾಡಿಕೊಳ್ಳುವುದಕ್ಕೆ ಈ ತ್ರಿವೇಣಿಯೇ ಕಾರಣವಿರಬೇಕು. ಆ ತೂಕಡಿಕೆಗೆ ಹೋಟೆಲಿನವರು ಕಂಡುಹಿಡಿದ ಔಷಧಿಯೇ ಮಿನಿ ಟಿಫಿನ್: ಚಿಕ್ಕ ಇಡ್ಲಿಗಳು, ಚಿಕ್ಕ ದೋಸೆ, ಒಂದಿಷ್ಟು ಕೇಸರಿಬಾತು, ಕಾಫಿ, ಇವುಗಳ ನಡುವೆ ಬಟ್ಟಲಿನಷ್ಟು ಪೊಂಗಲು. ಪ್ರಧಾನವಾಗಿದ್ದುದು ಉಪಪದಾರ್ಥವಾಗಿ ಇಳಿದದ್ದು ಅದಕ್ಕೆ ಅವಮಾನವೇನಲ್ಲ. ನಾಲ್ಕು ತುತ್ತು ಪೊಂಗಲು ಬಿಸಿಯಾಗಿರುತ್ತದೆ, ತಟ್ಟೆ ತುಂಬ ಬಡಿಸಿಕೊಂಡ ಪೊಂಗಲಿನ ಕೊನೆಯ ತುತ್ತು ತಣ್ಣಗಾಗಿರುತ್ತದೆ.

ಇದೇ ವಂಶದ ಇನ್ನೊಂದು ಕುಡಿಯಾದ ಮೈಸೂರಿನ ಬಿಸಿಬೇಳೆಭಾತು ಚೆನ್ನೈಯ ಹೋಟೆಲುಗಳ ಪಟ್ಟಿಯಲ್ಲಿ ಸ್ಥಾನ ಪಡೆದು ಎಷ್ಟೋ ಕಾಲವಾಯಿತು. ಅಲ್ಲಿ ಹೆಸರಿನ ಬದಲು ತೊಗರಿ, ಮೆಣಸಿನ ಬದಲು ಬ್ಯಾಡಗಿ ಮೆಣಸಿನಕಾಯಿ, ಜೊತೆಗೆ ದಾಲ್ಚಿನ್ನಿ, ಲವಂಗ, ಮರಾಠಿಮೊಗ್ಗು, ಕೊಬ್ಬರಿಗಳ ಪುಡಿ. ಹುಣಸೆಯ ರಸವನ್ನು ಬೇಳೆ ಸಂಪೂರ್ಣವಾಗಿ ಬೆಂದ ಮೇಲೆಯೇ ಸೇರಿಸಬೇಕೆಂಬ ನಿಯಮವನ್ನು ಚೆನ್ನೈಯ ಗಡಸು ನೀರಿನಲ್ಲಿ ಅಡುಗೆ ಮಾಡುವವರು ಎರಡು ಪಟ್ಟು ನಿಷ್ಠೆಯಿಂದ ಪಾಲಿಸಬೇಕು. ಹುಳಿಯೂ ಬೇಳೆಯನ್ನು ಬೇಯಗೊಡುವುದಿಲ್ಲ, ಲವಣವೂ ಬೇಯಗೊಡುವುದಿಲ್ಲ, ಎರಡೂ ಸೇರಿದರೆ ಅನಿಲ ಮುಗಿಯುವವರೆಗೂ ಕಾಯಬೇಕಾದೀತು. ಸಾಂಬಾರ್ ಸಾದಂ ಎಂಬ ಹೆಸರಿನಲ್ಲಿ ಹೋಟೆಲುಗಳು ಮಾರುವ ಅನ್ನವನ್ನು ಬಿಸಿಬೇಳೆಭಾತೆಂದು ಭ್ರಮಿಸಿ ಮೋಸಹೋಗುವ ಕನ್ನಡಿಗರು ಇಂದಿಗೂ ಇದ್ದಾರೆ. ಬೇಯಿಸಿದ ಅನ್ನಕ್ಕೆ ಸಾಂಬಾರನ್ನು ಕಲಸಿದ್ದು ಒಂದು, ಅಕ್ಕಿ ಬೇಳೆ ತರಕಾರಿಗಳು ಒಂದೇ ಪಾತ್ರೆಯಲ್ಲಿ ಕೂಡಿ ಹದಗೊಂಡದ್ದು ಇನ್ನೊಂದು. ಅದೂ ಆರಿದರೆ ಬಿಗಿಯುತ್ತದೆ, ಅದಕ್ಕೂ ಮದ್ದು ಕುದಿನೀರೇ.

1981ರಲ್ಲಿ ಕೆ.ಕೆ. ನಗರದಲ್ಲಿ ಆರಂಭವಾದ ಸರವಣ ಭವನದಂಥ ತಮಿಳರದೇ ಹೋಟೆಲುಗಳು ಬೆಳೆದು ದೇಶಾಂತರಗಳಿಗೆ ಹಬ್ಬಿದ ಮೇಲೆ, ಉಡುಪಿಯವರ ಮೇಲುಗೈ ಮುಗಿಯಿತು. ಪೊಂಗಲು ಇಂದು ಸಿಂಗಪುರದಲ್ಲಿಯೂ ಲಂಡನ್ನಿನಲ್ಲಿಯೂ ಸಿಕ್ಕುತ್ತದೆ, ಪೊಟ್ಟಣದಲ್ಲಿ ಸಿದ್ಧ ಮಿಶ್ರಣವಾಗಿಯೂ ಸಿಕ್ಕುತ್ತದೆ. ಪೊಟ್ಟಣದ ಪೊಂಗಲಿನ ವಿಷಯವಾಗಿ ಹೇಳತಕ್ಕದ್ದು ಹೆಚ್ಚಿಲ್ಲ: ಅವಸರದಲ್ಲಿರುವವನ ಹೊಟ್ಟೆ ತುಂಬುತ್ತದೆ, ಒಗ್ಗರಣೆಯ ಪರಿಮಳ ಪೊಟ್ಟಣ ಕತ್ತರಿಸುವಾಗಲೇ ಮುಗಿದಿರುತ್ತದೆ.

ಚೆನ್ನೈಗೆ ಹೋದವರು ಪೊಂಗಲನ್ನು ತಿನ್ನಬೇಕೆಂದಿದ್ದರೆ ಬೆಳಗಿನ ಏಳು ಗಂಟೆಗೆ ಮುಂಚೆ ಹೋಟೆಲನ್ನು ಸೇರುವುದು ಲೇಸು. ಒಂಬತ್ತರ ಮೇಲೆ ಹೋದವರು ದೋಸೆಯನ್ನು ಕೇಳಲಿ. ಮನೆಯಲ್ಲಿ ಮಾಡುವವರು ಅನ್ನ ಇಳಿಸುವಾಗ ಅದು ತೀರ ನೀರಾಯಿತೆಂದು ಅನಿಸಿದರೆ ಗಾಬರಿಯಾಗದೆ ಹಾಗೆಯೇ ಬಿಡಲಿ. ಗೊಜ್ಜನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಲಿ. ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆಯೇ ಒಗ್ಗರಣೆಯನ್ನು ಕೊಡಲಿ. ಮತ್ತು ಪಕ್ಕದ ಒಲೆಯ ಮೇಲೆ ಒಂದು ಚೊಂಬು ನೀರು ಕುದಿಯುತ್ತಲೇ ಇರಲಿ.